ಎರಡೂವರೆ ಟನ್ನಿನ ಬೆಚ್ಚಗಿನ ಮನೆ

ನೀವು ಹೀಟ್ ಪಂಪ್ ಕೊಳ್ಳುವ ಯೋಚನೆಯಲ್ಲಿದ್ದರೆ ಮೊದಲು ನನಗೊಂದು ಸಲಾಮು ಹೊಡೆಯಿರಿ, ಆಮೇಲೆ ಅಂಗಡಿಗೆ ಹೋಗಿ. ನಮ್ಮ ಬೀದಿಯಲ್ಲಿ ಈ ಮೂಲೆಯ ಬೇಕರಿಯಿಂದ ಆ ಮೂಲೆಯ ಬಸ್ ಸ್ಟಾಪಿನವರೆಗೆ ನಲವತ್ತೊಂದು ಮನೆಗಳಿವೆ. ಅಷ್ಟರಲ್ಲಿ ಎರಡೂವರೆ ಟನ್ನಿನ ಹೀಟ್ ಪಂಪ್ ಇರುವುದು ಒಂದೇ ಮನೆಯಲ್ಲಿ. ಅದಕ್ಕೆ ಮನೆ ಅಳೆದವನು ನಾನು, ಫಾರಂ ತುಂಬಿಸಿದವನು ನಾನು, ಅದು ಗೋಡೆ ಏರಿದಾಗ ಕೆಳಗೆ ಕೈಕಟ್ಟಿ ನಿಂತು ಅರ್ಧ ತುಟಿಯಲ್ಲಿ ನಕ್ಕವನೂ ನಾನು. ಎಂಟ್ರಿ ಸೀನಿಗೆ ಹೊಗೆ ಬೇಕು ಎನ್ನುತ್ತಾರೆ ಸಿನಿಮಾದವರು. ನನಗೆ ಅದೂ ಬೇಕಾಗಲಿಲ್ಲ. ಆ ಚಳಿಯಲ್ಲಿ ಬಾಯಿ ತೆರೆದರೆ ಹೊಗೆ ತಾನಾಗಿ ಬರುತ್ತಿತ್ತು.

ನನಗೆ ವಯಸ್ಸು ಇಪ್ಪತ್ತು. ಓದು ನಡೆಯುತ್ತಿದೆ. ಎಲ್ಲಿಗೆ ನಡೆಯುತ್ತಿದೆ ಎಂದು ಅಪ್ಪ ಆಗಾಗ ಕೇಳುತ್ತಾರೆ.

ಅಪ್ಪ ಲಾರಿ ತೂಗುವ ಕಾಟಾದಲ್ಲಿ ಗುಮಾಸ್ತರು. ದಿನವಿಡೀ ಒಂದೊಂದು ಕಿಲೋ ಲೆಕ್ಕ ಬರೆಯುವ ಮನುಷ್ಯ. ಅಲ್ಲಿ ಅಷ್ಟು ಕಟ್ಟುನಿಟ್ಟಾಗಿರುವುದಕ್ಕೋ ಏನೋ, ಮನೆಗೆ ಬಂದ ಕೂಡಲೇ ಎಲ್ಲದಕ್ಕೂ ಒಂದಿಷ್ಟು ಸೇರಿಸುತ್ತಾರೆ. ನಾಲ್ಕು ಜನ ಬಂದಿದ್ದರೆ ಹತ್ತು ಜನ. ಬಸ್ಸು ಕಾಲು ಗಂಟೆ ತಡವಾದರೆ ಒಂದು ಗಂಟೆ. "ಇರ್ಲಿ, ಸ್ವಲ್ಪ ಜಾಸ್ತಿನೇ ಇರ್ಲಿ" ಎನ್ನುವುದು ಅವರ ಬದುಕಿನ ಟೈಟಲ್ ಸಾಂಗು.

ಕತೆ ಶುರುವಾಗುವುದು ಅತ್ತೆಯ ಬೆರಳುಗಳಿಂದ. ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ಹಿಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಮೂವತ್ತು ವರ್ಷದಿಂದ ಹೊಲಿಯುತ್ತಿದ್ದಾಳೆ. ಈ ಬೀದಿಯ ಮಕ್ಕಳ ಯೂನಿಫಾರಂ, ಅವರ ಅಪ್ಪಂದಿರ ಪ್ಯಾಂಟು, ತಾಯಂದಿರ ಕೋಟು, ಎಲ್ಲ ಅವಳ ಕೈಯವು. ಅಪ್ಪ ಓದಿದ್ದೂ ಆ ಮಿಷನ್ ಓಡಿದ್ದರಿಂದಲೇ. ಅತ್ತೆಯ ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಪಿನ್ನು ಇರುತ್ತವೆ. ಅದರಿಂದ ಅವಳು ಮಾತಾಡುವುದು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ.

ಚಳಿ ಬಿದ್ದ ಮೊದಲ ವಾರ ಅವಳ ಬೆರಳ ತುದಿಗಳು ಮೇಣದ ಹಾಗೆ ಬೆಳ್ಳಗಾದವು. ಸೂಜಿ ಜಾರಿ ಬೀಳತೊಡಗಿತು. ಡಾಕ್ಟರು ಎರಡೂ ಕೈ ಹಿಡಿದು ನೋಡಿ ಅಪ್ಪನಿಗೆ ಹೇಳಿದರು: "ಚಳಿಗೆ ರಕ್ತನಾಳ ಮುದುಡ್ತಾ ಇವೆ. ಇವರು ಕೂತು ಕೆಲಸ ಮಾಡೋ ರೂಮು ಒಂದೇ ಸಮ ಬೆಚ್ಚಗಿರ್ಬೇಕು. ಒಂದ್ಸಲ ಬಿಸಿ, ಒಂದ್ಸಲ ತಣ್ಣಗೆ ಅಂತ ಆಗ್ಬಾರ್ದು. ಹೀಗೇ ಬಿಟ್ರೆ ಇನ್ನೊಂದು ಚಳಿಗಾಲ ಕಳೆಯೋದ್ರೊಳಗೆ ಸೂಜಿ ಹಿಡಿಯೋದು ಮರೀಬೇಕಾಗುತ್ತೆ."

ಅತ್ತೆಯ ಕೋಣೆಯಲ್ಲಿ ಒಂದು ಪುಟ್ಟ ಕಾಯಿಲ್ ಹೀಟರ್ ಇತ್ತು. ಅದು ಮೊಣಕಾಲನ್ನು ಮಾತ್ರ ಸುಡುತ್ತಿತ್ತು, ಕೈಯವರೆಗೆ ಬರುತ್ತಿರಲಿಲ್ಲ. ಆದರೂ ಅವಳು ಪ್ರತಿ ಹತ್ತು ಹೊಲಿಗೆಗೊಮ್ಮೆ ಬಗ್ಗಿ ಬೆರಳು ಕಾಯಿಸಿಕೊಂಡು ಹೇಗೋ ನಡೆಸಿಕೊಂಡು ಹೋಗುತ್ತಿದ್ದಳು.

ಆಗ ಅಪ್ಪ ಘೋಷಿಸಿದರು: "ಹೀಟ್ ಪಂಪ್ ಹಾಕ್ಸೋಣ. ಗಾಳಿ ಹೋಗೋ ಡಕ್ಟ್ ಗಿಕ್ಟ್ ಏನೂ ಬೇಡ್ವಂತೆ. ಒಳಗೊಂದು ಡಬ್ಬ, ಹೊರಗೊಂದು ಡಬ್ಬ, ಮಧ್ಯೆ ತಾಮ್ರದ ಪೈಪು. ಅಷ್ಟೇ. ಹೊರಗಿನ ಗಾಳಿಯಿಂದ ಬಿಸಿ ತೆಗೆದು ಒಳಗೆ ತಂದು ಹಾಕುತ್ತೆ."

ಅಮ್ಮ ಕೇಳಿದಳು: "ಹೊರಗೆ ನಲ್ಲಿ ನೀರು ಹೆಪ್ಪುಗಟ್ತಿದೆ. ಅಲ್ಲೆಲ್ಲಿ ಬಿಸಿ ಇದೆ ರೀ?"

"ಇರುತ್ತೆ. ನಮ್ಗೆ ಕಾಣಲ್ಲ."

"ನಿಮ್ ಪ್ರಮೋಷನ್ ಥರ?"

ಅಪ್ಪ ಪೇಪರ್ ಎತ್ತಿಕೊಂಡರು.

ಅಮ್ಮನ ಪ್ರಶ್ನೆ ಬಿಡಿ, ಅದು ಇಡೀ ಬೀದಿಯ ಪ್ರಶ್ನೆ. ಪಕ್ಕದ ಮನೆಯ ಔಷಧಿ ಅಂಗಡಿಯವರು, ನಾವು ಮಾತ್ರೆ ಮಾಮ ಎಂದು ಕರೆಯುವವರು, ಹೋದ ವರ್ಷವೇ ಒಂದೂವರೆ ಟನ್ನಿನದು ಹಾಕಿಸಿದ್ದರು. ಅಂದಿನಿಂದ ಅವರು ಕೊರೆಯುವ ಚಳಿಯಲ್ಲಿ ಬನಿಯನ್ನಿನಲ್ಲಿ ಬಾಗಿಲಿಗೆ ಬಂದು ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುತ್ತಿದ್ದರು. ಎರಡು ಸ್ವೆಟರ್ ಹಾಕಿಕೊಂಡು ನಿಂತ ಅಪ್ಪನನ್ನು ನೋಡಿ, "ಏನ್ ಸಾರ್, ಜ್ವರಾನಾ? ಮಾತ್ರೆ ಕೊಡ್ಲಾ?" ಎನ್ನುವರು. ಈ ಅವಮಾನ ಒಂದು ವರ್ಷದಿಂದ ಅಪ್ಪನ ಎದೆಯಲ್ಲಿ ಕುದಿಯುತ್ತಿತ್ತು. ಇಡೀ ಮನೆಯಲ್ಲಿ ಬಿಸಿ ಇದ್ದದ್ದು ಅಲ್ಲೊಂದು ಕಡೆ.

ಇಂಥ ಹೊತ್ತಿನಲ್ಲಿ ನಾಯಕನ ಪ್ರವೇಶ.

ಹೀಟ್ ಪಂಪ್ ಅಂಗಡಿಯವರು ಫೋನಿನಲ್ಲಿ ಹೇಳಿದ್ದರು: ಒಬ್ಬ ಮೆಕ್ಯಾನಿಕ್ ಬರುತ್ತಾನೆ, ಕೋಣೆಗಳ ಉದ್ದ, ಅಗಲ, ಎತ್ತರ ನೋಡುತ್ತಾನೆ, ಕಿಟಕಿ ಎಷ್ಟು, ಯಾವ ದಿಕ್ಕಿಗೆ, ಯಾವ ಕೋಣೆಯಲ್ಲಿ ಎಷ್ಟು ಜನ ಎಷ್ಟು ಹೊತ್ತು ಇರುತ್ತಾರೆ ಎಂದು ಕೇಳುತ್ತಾನೆ, ಆಮೇಲೆ ಎಷ್ಟು ಟನ್ ಬೇಕು ಎಂದು ಲೆಕ್ಕ ಹಾಕುತ್ತಾನೆ ಎಂದು. ಅವನು ಬರುವ ದಿನ ಅಪ್ಪ ಕಾಟಾಕ್ಕೆ, ಅಮ್ಮ ಬ್ಯಾಂಕಿಗೆ ಹೊರಟಿದ್ದರು.

"ನಾನಿದ್ದೀನಲ್ಲ," ಎಂದೆ, ಕಾಲರ್ ಎತ್ತಿ. "ಈ ಮನೆಯ ಒಂದೊಂದು ಇಟ್ಟಿಗೆಗೂ ನನ್ನ ಹೆಜ್ಜೆ ಸದ್ದು ಗೊತ್ತು."

"ಹೆಜ್ಜೆ ಸದ್ದು ಬೇಡ, ಅಳತೆ ಕೊಡು," ಎಂದರು ಅಪ್ಪ.

ಮನೆಯಲ್ಲಿ ಉದ್ದನೆಯ ಟೇಪ್ ಇರಲಿಲ್ಲ. ಅತ್ತೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಹೊಲಿಗೆ ಟೇಪನ್ನು ಎಳೆದುಕೊಂಡೆ. ಅದರ ಕೊನೆಯಲ್ಲಿ ಅರವತ್ತು ಎಂದಿತ್ತು. ಒಂದು ಸಲ ಹಾಸಿದರೆ ಅರವತ್ತು ಇಂಚು, ಅಂದರೆ ಐದು ಅಡಿ. ಹಾಲ್ ಉದ್ದಕ್ಕೆ ಮೂರು ಸಲ ಸರಿಯಾಗಿ ಕೂತಿತು, ಹದಿನೈದು ಅಡಿ. ಅಗಲಕ್ಕೂ ಮೂರು. ಹಾಲ್‌ಗೂ ಅಡುಗೆಮನೆಗೂ ನಡುವಿನ ಓಣಿಗೆ ಒಂದು ಸಲ, ಐದು. ಅಡುಗೆಮನೆಗೆ ಎರಡು, ಹತ್ತು. ಹಿಂದಿನ ಕೋಣೆಗೂ ಎರಡೇ. ಕುರ್ಚಿ ಹತ್ತಿ ಎತ್ತರ ಅಳೆದೆ, ಅದೂ ಎರಡು. ಲೆಕ್ಕ ಎಷ್ಟು ಸಲೀಸಾಗಿ ಬಂತೆಂದರೆ, ಮನೆ ಕಟ್ಟಿದವನೇ ನನ್ನ ಅನುಕೂಲಕ್ಕೆ ಕಟ್ಟಿದ್ದಾನೆ ಎನಿಸಿತು.

ಮೆಕ್ಯಾನಿಕ್ ಬಂದ. ಒಂದು ಹೆಲ್ಮೆಟ್, ಒಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಫಾರಂ, ಮುಖದಲ್ಲಿ ಇನ್ನೂ ಮೂರು ಮನೆ ನೋಡಬೇಕಾದವನ ಕಳೆ.

"ನನ್ ಸ್ಟೀಲ್ ಟೇಪು ಬೆಳಿಗ್ಗೆ ಮೂರನೇ ಮಹಡಿಯಿಂದ ಬಿದ್ದು ಸ್ಪ್ರಿಂಗ್ ಹೋಯ್ತು," ಎಂದ. "ಹೆಜ್ಜೇಲಿ ಅಳೀಲಾ?"

"ಯಾಕೆ ಅಳೀಬೇಕು? ಅಳತೆ ರೆಡಿ," ಎಂದು ಚೀಟಿ ಚಾಚಿದೆ. "ನಾನು ಒಂದ್ಸಲ ಅಳೆದ್ರೆ ಗೋಡೇನೂ ಎದುರು ಮಾತಾಡಲ್ಲ."

ಅವನು ಚೀಟಿ ನೋಡಿದ, ಹಾಲ್ ನೋಡಿದ, ಮತ್ತೆ ಚೀಟಿ ನೋಡಿದ. "ಕಣ್ಣಿಗೆ ಸಣ್ಣದು ಕಾಣುತ್ತೆ."

"ಸೋಫಾ ದೊಡ್ಡದು, ಅದ್ಕೆ."

ಅವನು ಬರೆದುಕೊಂಡ. ಇನ್ನೂ ಏನೇನೋ ಕೇಳಿದ, ನಾನು ಏನೇನೋ ಹೇಳಿದೆ, ಅದೆಲ್ಲ ಈಗ ಯಾಕೆ. ಕೊನೆಗೆ ಫಾರಂ ಬಂತು. ಅದರಲ್ಲಿ ಸ್ಪಷ್ಟವಾಗಿತ್ತು: ಒಂದೂವರೆ ಟನ್, ಹಾಲ್‌ನಲ್ಲಿ.

ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. "ಹಾಲ್‌ನಲ್ಲಾ? ಅಕ್ಕನ ರೂಮಿಗೆ ತಾನೇ ತರ್ಬೇಕು ಅಂತ ಇದ್ದಿದ್ದು?"

ಅಪ್ಪನ ಮುಖ ಒಂದು ಕ್ಷಣ ಗೊಂದಲಕ್ಕೆ ಬಿತ್ತು. ಹಾಲ್ ಎಂದರೆ ಬೀದಿಯ ಕಿಟಕಿ. ಕಿಟಕಿ ಎಂದರೆ ಮಾತ್ರೆ ಮಾಮ. ಗೊಂದಲ ಅಲ್ಲಿಗೆ ಮುಗಿಯಿತು. "ಟೆಕ್ನಿಕಲ್ ಜನ ಲೆಕ್ಕ ಹಾಕಿ ಬರ್ದಿದ್ದಾರೆ. ಹಾಲ್ ಬೆಚ್ಚಗಾದ್ರೆ ಆ ಬಿಸಿ ಓಣಿ ದಾಟ್ಕೊಂಡು ಅಕ್ಕನ ರೂಮಿಗೆ ಹೋಗಲ್ವಾ? ಬಿಸಿ ಗಾಳಿಗೇನು ಮೊಣಕಾಲು ನೋವಾ?"

"ಅಕ್ಕ, ನೀವೇನಂತೀರಿ?" ಎಂದಳು ಅಮ್ಮ.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಸಿಕ್ಕಿಸಿಕೊಂಡಳು. ನನ್ನ ಕಡೆ ಒಂದು ಸಲ ನೋಡಿದಳು. "ಫಾರಂನಲ್ಲಿ ಹಾಗೆ ಬರ್ದಿದ್ಯಲ್ಲ," ಎಂದಳು. "ಹಾಗೇ ಆಗ್ಲಿ."

ನಾನು ಆ ಹೊತ್ತಿಗೆ ಸೀಲಿಂಗ್ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೆ. ಮೂರಿದ್ದವು.

ಅಂಗಡಿಗೆ ಅಪ್ಪನೂ ನಾನೂ ಹೋದೆವು. ಸೇಲ್ಸ್‌ಮನ್ ಟೈ ಕಟ್ಟಿದ್ದ, ನಗು ಅದಕ್ಕಿಂತ ಬಿಗಿಯಾಗಿ ಕಟ್ಟಿದ್ದ. ಫಾರಂ ನೋಡಿ "ಒಂದೂವರೆ, ಸಾರ್, ಕರೆಕ್ಟ್" ಎಂದ.

"ಪಕ್ಕದ ಮನೇವ್ರದ್ದೂ ಒಂದೂವರೆನೇ," ಎಂದರು ಅಪ್ಪ, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

ಸೇಲ್ಸ್‌ಮನ್ ಮನುಷ್ಯಸ್ವಭಾವ ಓದಿದ್ದವನು. "ಹಾಗಾದ್ರೆ ಎರಡಕ್ಕೆ ಹೋಗಿ ಸಾರ್."

"ಇರ್ಲಿ, ಸ್ವಲ್ಪ ಜಾಸ್ತಿನೇ ಇರ್ಲಿ."

"ಜಾಸ್ತಿ ಅಂದ್ರೆ ಎರಡೂವರೆದು ಈ ತಿಂಗಳು ಸ್ಟ್ಯಾಂಡ್ ಫ್ರೀ."

ಮೂಲೆಯಲ್ಲಿ ಬಿಲ್ ಬರೆಯುತ್ತಿದ್ದ ಮುದುಕರೊಬ್ಬರು ತಲೆ ಎತ್ತದೆ ಹೇಳಿದರು: "ದೊಡ್ಡದಾದ್ರೆ ಒಳ್ಳೇದಲ್ಲ ಸ್ವಾಮಿ. ಬೇಗ ಬಿಸಿ ಮಾಡುತ್ತೆ, ಬೇಗ ನಿಲ್ಲುತ್ತೆ. ಮತ್ತೆ ಶುರು, ಮತ್ತೆ ನಿಲ್ಲು. ಒಂದೇ ಸಮ ಇರಲ್ಲ."

ಸೇಲ್ಸ್‌ಮನ್ ನಕ್ಕ. "ಅವ್ರು ಹಳೇ ಕಾಲದವ್ರು ಸಾರ್."

ಅಪ್ಪನೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕು, "ತಾತ, ಚಿಕ್ಕದಾಗಿ ಬದುಕೋಕೆ ನಾವು ಹುಟ್ಟಿಲ್ಲ," ಎಂದು ಡೈಲಾಗ್ ಬಿಟ್ಟೆ. ಅಂಗಡಿಯ ಹುಡುಗಿಯೊಬ್ಬಳು ತಿರುಗಿ ನೋಡಿದಳು. ಆ ದಿನಕ್ಕೆ ನನಗೆ ಅಷ್ಟು ಸಾಕಿತ್ತು.

ಇಬ್ಬರು ಫಿಟ್ಟರುಗಳು ಬಂದು ಗೋಡೆ ಕೊರೆದರು. ಒಳಗಿನ ಡಬ್ಬ ನಮ್ಮ ಹಾಲ್‌ನ ಗೋಡೆಯ ಮುಕ್ಕಾಲು ಭಾಗ ತಿಂದಿತು. ಕ್ಯಾಲೆಂಡರು, ಗಡಿಯಾರ, ಅಜ್ಜನ ಫೋಟೋ ಮೂರೂ ಜಾಗ ಖಾಲಿ ಮಾಡಿ ಅಡುಗೆಮನೆಗೆ ಹೋದವು. ಹೊರಗಿನ ಡಬ್ಬವನ್ನು ಅಪ್ಪ ಹಟ ಹಿಡಿದು ಮಾತ್ರೆ ಮಾಮನ ಕಡೆಯ ಗೋಡೆಗೆ, ಬೀದಿಯಿಂದ ಕಾಣುವ ಹಾಗೆ ಹಾಕಿಸಿದರು. ಎರಡು ಮನೆಯ ನಡುವೆ ಇದ್ದದ್ದು ಎರಡಡಿ ಸಂದು. ಡಬ್ಬದ ಫ್ಯಾನು ನೇರವಾಗಿ ಮಾಮನ ಬಚ್ಚಲುಮನೆಯ ಕಿಟಕಿಗೆ ಮುಖ ಮಾಡಿತು. ಅದು ಹೊರಗಿನ ಗಾಳಿಯ ಬಿಸಿಯನ್ನೆಲ್ಲ ಹೀರಿಕೊಂಡು, ಉಳಿದ ಕಡುಚಳಿಯನ್ನು ಹೊರಗೆ ಉಗುಳುತ್ತದೆ ಎನ್ನುವುದು ನಮಗೆ ಮರುದಿನ ಬೆಳಿಗ್ಗೆ ಮಾಮ ಸೋಪು ಹಚ್ಚಿಕೊಂಡ ಸ್ಥಿತಿಯಲ್ಲಿ ಕಿರುಚಿದಾಗ ಗೊತ್ತಾಯಿತು.

ಅಂದು ಅಪ್ಪ ಬನಿಯನ್ನಿನಲ್ಲಿ ಬಾಗಿಲಿಗೆ ಹೋಗಿ ಹಾಲಿನ ಪ್ಯಾಕೆಟ್ ಎತ್ತಿಕೊಂಡರು. ಎರಡು ಸಲ ಎತ್ತಿಕೊಂಡರು. ಮೊದಲ ಸಲ ಮಾಮ ನೋಡಿರಲಿಲ್ಲ.

ಇನ್ನು ಇಂಟರ್ವಲ್ ನಂತರದ ಭಾಗ.

ಇಷ್ಟು ದೊಡ್ಡ ಯಂತ್ರಕ್ಕೆ ಕರೆಂಟ್ ಆಫೀಸಿನ ಮಂಜೂರಾತಿ ಬೇಕು. ಅಪ್ಪ ಅರ್ಜಿಯ ಜೊತೆ ಮೆಕ್ಯಾನಿಕ್ ಬರೆದ ಫಾರಂ ಲಗತ್ತಿಸಿದರು. ವಾರ ಕಳೆದು ಅಲ್ಲಿನ ಇನ್ಸ್‌ಪೆಕ್ಟರು ನಮ್ಮನ್ನು ಕರೆಸಿದರು. ಮೇಜಿನ ಒಂದು ಕಡೆ ಫಾರಂ, ಇನ್ನೊಂದು ಕಡೆ ನಮ್ಮ ಮನೆಯ ಹಳೇ ನಕ್ಷೆ.

"ನಿಮ್ ಸೈಟ್ ಅಗಲ ಎಷ್ಟು?"

"ಮೂವತ್ತು ಅಡಿ," ಎಂದರು ಅಪ್ಪ.

"ಫಾರಂ ಪ್ರಕಾರ ಹಾಲ್ ಹದಿನೈದು, ಓಣಿ ಐದು, ಅಡುಗೆಮನೆ ಹತ್ತು. ಮೂವತ್ತಾಯ್ತು. ಗೋಡೆಗಳು ಎರಡು ಅಡಿ. ಒಟ್ಟು ಮೂವತ್ತೆರಡು." ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. "ಮೂವತ್ತು ಅಡಿ ಸೈಟಲ್ಲಿ ಮೂವತ್ತೆರಡು ಅಡಿ ಮನೆ ಹೇಗೆ ಕಟ್ಟಿದ್ರಿ, ನಮ್ಗೂ ಸ್ವಲ್ಪ ಹೇಳ್ಕೊಡಿ."

ನಮ್ಮ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ, ಅಳತೆ ತಪ್ಪಿರಬೇಕು ಎನ್ನುತ್ತಿದ್ದರು. ಅಪ್ಪ ಹಾಗನ್ನಲಿಲ್ಲ. ಅಪ್ಪನ ಮುಖದಲ್ಲಿ ನಿಧಾನಕ್ಕೆ ಒಂದು ಹೆಮ್ಮೆ ಮೂಡಿತು. "ನೋಡಿ ಸಾರ್, ಇಷ್ಟು ವರ್ಷ ನಾನೇ ನನ್ ಮನೇನ ಕಡಿಮೆ ಅಂದ್ಕೊಂಡಿದ್ದೆ."

ಅದೇ ಆಫೀಸಿಗೆ ಮಾತ್ರೆ ಮಾಮನ ತಮ್ಮ ಮೀಟರ್ ಓದುತ್ತಾನೆ. ಸಂಜೆಯೊಳಗೆ ಸುದ್ದಿ ಬೀದಿಗೆ ಬಂತು: ನಾವು ಮಾಮನ ಜಾಗ ಎರಡಡಿ ನುಂಗಿದ್ದೇವೆ. ರಾತ್ರಿ ಊಟದ ಹೊತ್ತಿಗೆ ಅದು ನಾಲ್ಕಡಿಯಾಗಿತ್ತು. ಮರುದಿನ ಬೇಕರಿಯಲ್ಲಿ ನಾನು ಬನ್ನು ಕೇಳಿದರೆ, ಬೇಕರಿಯವನು "ಅಲ್ಲ ಕಣೋ, ಅವ್ರ ಬಚ್ಚಲುಮನೆ ನಿಮ್ದೇ ಅಂತೆ?" ಎಂದ.

ಮಾಮ ಗೇಟಿನ ಬಳಿ ನಿಂತು ಅಪ್ಪನನ್ನು ಕರೆದರು. ಕೈಯಲ್ಲಿ ಕಾಗದಪತ್ರದ ಚೀಲ, ಕುತ್ತಿಗೆಗೆ ಮಫ್ಲರು. ಬಚ್ಚಲಿನ ಗಾಳಿಗೆ ಅವರಿಗೆ ನಿಜವಾಗಿ ಜ್ವರ ಬಂದಿತ್ತು.

"ಏನ್ ಸಾರ್, ನನ್ ಬಚ್ಚಲಲ್ಲಿ ನಿಮ್ದು ಹಾಲ್ ಇದ್ಯಂತೆ. ಬಾಡಿಗೆ ಕೊಡ್ತೀರೋ, ಇಲ್ಲ ನಾನು ಸ್ನಾನಕ್ಕೆ ನಿಮ್ ಪರ್ಮಿಷನ್ ತಗೋಬೇಕೋ?"

"ಸರ್ಕಾರಿ ಫೈಲಲ್ಲಿ ಮೂವತ್ತೆರಡು ಅಂತಿದೆ. ನಾನೇನ್ ಮಾಡ್ಲಿ?" ಎಂದರು ಅಪ್ಪ. "ಏನ್ ಸಾರ್, ಜ್ವರಾನಾ?"

ಒಂದು ವರ್ಷದ ಲೆಕ್ಕ ಆ ಮೂರು ಪದಗಳಲ್ಲಿ ಚುಕ್ತಾ ಆಯಿತು. ನಾನು ಒಳಗಿಂದ ಹಿನ್ನೆಲೆ ಸಂಗೀತ ಕೊಟ್ಟೆ, ಬಾಯಿಂದಲೇ. ಅಮ್ಮ ಸೌಟು ತೋರಿಸಿದ ಮೇಲೆ ನಿಲ್ಲಿಸಿದೆ.

ಮಾಮ ದೂರು ಕೊಟ್ಟರು. ಇನ್ಸ್‌ಪೆಕ್ಟರು ಸ್ಟೀಲ್ ಟೇಪ್ ಹಿಡಿದುಕೊಂಡು ಖುದ್ದಾಗಿ ಬಂದರು. ಬೇಕರಿಯವನು, ಮೀಟರ್ ತಮ್ಮ, ಮಾಮನ ಹೆಂಡತಿ, ಕೆಲಸವಿಲ್ಲದ ಏಳೆಂಟು ಜನ ಗೇಟಿನ ಆಚೆ ನಿಂತರು. ಹಾಲ್ ಅಳೆದರು. ಹದಿಮೂರು ಅಡಿ. ಮತ್ತೆ ಅಳೆದರು. ಹದಿಮೂರೇ. ಓಣಿ ನಾಲ್ಕು ಅಡಿ ನಾಲ್ಕು ಇಂಚು. ಅಡುಗೆಮನೆ ಎಂಟು ಅಡಿ ಎಂಟು ಇಂಚು. ಗೋಡೆ ಸೇರಿ ಮನೆ ಇಪ್ಪತ್ತೆಂಟು.

ಅಪ್ಪ ಕಣ್ಣೆದುರಿಗೇ ನಾಲ್ಕಡಿ ಕುಗ್ಗಿದರು.

"ಯಾರು ಅಳೆದಿದ್ದು?" ಎಂದರು ಇನ್ಸ್‌ಪೆಕ್ಟರು. ಎಲ್ಲರೂ ನನ್ನನ್ನು ನೋಡಿದರು. ನಾನು ಟೇಪ್ ತಂದು ಕೊಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದ್ರ ತಲೆ ಎಲ್ಲಿ? ಎಂಟರಿಂದ ಶುರುವಾಗುತ್ತೆ."

ಟೇಪಿನ ಮೊದಲ ಎಂಟು ಇಂಚು ಇರಲಿಲ್ಲ. ಒಂದು ಸಲ ಹಾಸಿದರೆ ನಿಜವಾಗಿ ಐವತ್ತೆರಡೇ ಇಂಚು, ನಾನು ಓದಿದ್ದು ಅರವತ್ತು. ಉದ್ದದಲ್ಲಿ ಸ್ವಲ್ಪ, ಅಗಲದಲ್ಲಿ ಸ್ವಲ್ಪ, ಎತ್ತರದಲ್ಲಿ ಸ್ವಲ್ಪ. ಮೂರೂ ಗುಣಿಸಿದರೆ ನಮ್ಮ ಹಾಲ್ ಕಾಗದದ ಮೇಲೆ ಒಂದೂವರೆ ಪಟ್ಟು ಊದಿಕೊಂಡಿತ್ತು. ಬೇಕಾಗಿದ್ದದ್ದು ಒಂದು ಟನ್. ಮಿಕ್ಕಿದ್ದು ನಾನು, ಅಪ್ಪ, ಮಾಮ, ಮತ್ತು ಫ್ರೀ ಸ್ಟ್ಯಾಂಡು.

"ತಲೆ ಹೋಗಿ ಹನ್ನೆರಡು ವರ್ಷ ಆಯ್ತು," ಎಂದಳು ಅತ್ತೆ ಹಿಂದಿನಿಂದ. "ನಾನು ಎಂಟು ಕಳೆದೇ ಓದೋದು."

"ಹೊಸದು ತಗೋಬಾರ್ದೇನಮ್ಮ?"

"ಹನ್ನೆರಡು ವರ್ಷದಲ್ಲಿ ಒಂದು ಬಟ್ಟೇನೂ ಹಾಳಾಗ್ಲಿಲ್ವಲ್ಲ ಸಾರ್."

"ಇಲಿ ಕಡಿದಿರ್ಬೇಕು," ಎಂದೆ ನಾನು. ಇನ್ಸ್‌ಪೆಕ್ಟರು ಟೇಪಿನ ತುದಿ ನೋಡಿದರು. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರವಾಗಿತ್ತು. ನಮ್ಮ ಮನೆಯ ಇಲಿಗಳು ಬಹಳ ಅಚ್ಚುಕಟ್ಟು.

ತೀರ್ಪು ಗೋಡೆಯ ಬಳಿಯೇ ಆಯಿತು. ಮನೆ ಎಲ್ಲೂ ಒತ್ತುವರಿಯಾಗಿಲ್ಲ. ಆದರೆ ಹೊರಗಿನ ಡಬ್ಬ ಮಾಮನ ಕಿಟಕಿಗೆ ಮುಖ ಮಾಡಿ ಇರಕೂಡದು, ಹಿಂದಿನ ಗೋಡೆಗೆ ಹೋಗಬೇಕು. ಎರಡನೆಯದು, ನಮ್ಮ ಕನೆಕ್ಷನ್ನಿಗೆ ಸಿಗುವ ಲೋಡ್‌ನಷ್ಟನ್ನೂ ಈ ಯಂತ್ರವೇ ಕುಡಿಯುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಜಾಗವಿಲ್ಲ, ಇನ್ನು ಹೆಚ್ಚಿಗೆ ಕೊಡುವ ಹಾಗಿಲ್ಲ. "ಇದು ಓಡೋವಾಗ ಬೇರೆ ಹೀಟರ್ ಗೀಟರ್ ಹಾಕಿದ್ರೆ ಇಡೀ ಮನೆ ಟ್ರಿಪ್ ಆಗುತ್ತೆ. ಆ ಕಾಯಿಲ್ ಹೀಟರ್ ಎತ್ತಿಡಿ."

ಅಂಗಡಿಯವನಿಗೆ ಫೋನ್ ಮಾಡಿದರೆ, ಗೋಡೆ ಕೊರೆದ ಮೇಲೆ ವಾಪಸ್ ಇಲ್ಲ ಎಂದ. ಸ್ಟ್ಯಾಂಡ್ ಬೇಕಿದ್ದರೆ ವಾಪಸ್ ಕೊಡಿ ಎಂದ.

ಡಬ್ಬ ಹಿಂದಿನ ಗೋಡೆಗೆ ಹೋಯಿತು. ಹಿಂದಿನ ಗೋಡೆಯಲ್ಲಿ ಇರುವುದು ಒಂದೇ ಕಿಟಕಿ. ಅದು ಅತ್ತೆಯದು.

ಈಗ ನೀವೇ ಚಿತ್ರ ಬರೆದುಕೊಳ್ಳಿ. ಹಾಲ್‌ನಲ್ಲಿ ಯಂತ್ರ ಗುಡುಗಿ ಶುರುವಾಗುತ್ತದೆ. ಮೂರು ನಿಮಿಷದಲ್ಲಿ ಹಾಲ್ ಬೇಕರಿಯ ಒಲೆ. ನಾವು ಸ್ವೆಟರ್ ಬಿಚ್ಚುತ್ತೇವೆ. ಯಂತ್ರ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಮತ್ತೆ ಚಳಿ. ಸ್ವೆಟರ್ ಹಾಕುತ್ತೇವೆ. ಯಂತ್ರ ಶುರು. ಒಂದು ವಾರದಲ್ಲಿ ಅಪ್ಪನ ಸ್ವೆಟರಿನ ಕತ್ತು ಸಡಿಲವಾಗಿ ಹೆಗಲಿಗಿಳಿಯಿತು. ಮಾತ್ರೆ ಮಾಮ ಕಿಟಕಿಯಾಚೆಯಿಂದ ಎಣಿಸುತ್ತಿದ್ದರು. "ಹನ್ನೊಂದನೇ ಸಲ ಸಾರ್," ಎಂದು ಗೇಟಿನಿಂದ ಕೂಗಿ ಹೇಳುವರು, ಪಂದ್ಯದ ಸ್ಕೋರಿನ ಹಾಗೆ.

ಅದೇ ಹೊತ್ತಿಗೆ ಮನೆಯ ಇನ್ನೊಂದು ತುದಿಯಲ್ಲಿ, ಹೊರಗಿನ ಡಬ್ಬ ಅತ್ತೆಯ ಕಿಟಕಿಯ ಕೆಳಗೆ ನಿಂತು ಚಳಿ ಊದುತ್ತಿತ್ತು. ಅದರಿಂದ ತೊಟ್ಟಿಕ್ಕಿದ ನೀರು ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಗಾಜಿನಂತೆ ಹೆಪ್ಪುಗಟ್ಟಿತು. ಓಣಿ ದಾಟಿ ಬರಬೇಕಾಗಿದ್ದ ಬಿಸಿ ಗಾಳಿ ಅಡುಗೆಮನೆಯ ಬಾಗಿಲವರೆಗೆ ಬಂದು, ಅಲ್ಲಿ ಅಜ್ಜನ ಫೋಟೋ ನೋಡಿ ವಾಪಸ್ಸು ಹೋಗುತ್ತಿತ್ತು. ಅತ್ತೆಯ ಕಾಯಿಲ್ ಹೀಟರ್ ಅಟ್ಟಕ್ಕೆ ಹೋಗಿತ್ತು.

ಅಮ್ಮ ಮಿಷನ್ನನ್ನು ಹಾಲ್‌ಗೆ ತರಿಸಿದಳು. ಎರಡು ದಿನ ಅತ್ತೆ ಅಲ್ಲಿ ಹೊಲಿದಳು. ಬಿಸಿಗೆ ಬೆರಳು ಕೆಂಪಾಗಿ ಊದುವುದು, ತಣ್ಣಗಾದರೆ ಬೆಳ್ಳಗಾಗಿ ಮರಗಟ್ಟುವುದು. ಯಾವುದು ಆಗಬಾರದು ಎಂದು ಡಾಕ್ಟರು ಹೇಳಿದ್ದರೋ ಅದು ಗಂಟೆಗೆ ನಾಲ್ಕು ಸಲ ಆಯಿತು. ಜೊತೆಗೆ ಅಳತೆ ಕೊಡಲು ಬಂದ ಹೆಂಗಸರು ಸೋಫಾದಲ್ಲಿ ಉದ್ದಕ್ಕೆ ಬಿದ್ದಿದ್ದ ನನ್ನನ್ನು ನೋಡಿ ಬಾಗಿಲಿಂದಲೇ ತಿರುಗಿ ಹೋದರು. ಯಂತ್ರ ನೋಡಲು ಬಂದ ಅಪ್ಪನ ಕಾಟಾದ ಸಾಹೇಬರು ನೆಲದ ಮೇಲಿದ್ದ ಬಟ್ಟೆ ಚೂರುಗಳನ್ನು ದಾಟಿಕೊಂಡು ಬರಬೇಕಾಯಿತು. ಅಪ್ಪ "ಅಕ್ಕ, ಸ್ವಲ್ಪ ಇವನ್ನೆಲ್ಲ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಅತ್ತೆ ಚೂರುಗಳನ್ನು ಮಡಿಲಿಗೆ ಆಯ್ದುಕೊಂಡು ಹಿಂದಿನ ಕೋಣೆಗೆ ಹೋದಳು.

ಆ ಚಳಿಗಾಲದ ಕೊನೆಯಲ್ಲಿ ಅವಳು ಮಾತ್ರೆ ಮಾಮನ ಮಗಳ ಕೋಟಿಗೆ ಗುಂಡಿ ಹಾಕುವಾಗ ಸೂಜಿ ಬೆರಳೊಳಗೆ ಹೋಯಿತು. ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಬಿಳಿ ಕೋಟಿನ ಮೇಲೆ ಕೆಂಪು ಕಂಡ ಮೇಲೆ ಗೊತ್ತಾಯಿತು.

ಮರುವಾರ ಅವಳು ಹೊರಟಳು. ಊರಾಚೆ ಯೂನಿಫಾರಂ ಹೊಲಿಯುವ ಶೆಡ್ಡು ಇದೆ. ಕೆಳಗೆ ಉಗಿ ಇಸ್ತ್ರಿ ಮಾಡುವ ಹಾಲ್, ಮೇಲೆ ಉಳಿದುಕೊಳ್ಳಲು ಒಂದು ಕೋಣೆ. ಇಸ್ತ್ರಿಯ ಉಗಿಗೆ ಆ ಕೋಣೆಯ ನೆಲ ಹಗಲೆಲ್ಲ ಒಂದೇ ಸಮ ಬೆಚ್ಚಗಿರುತ್ತದಂತೆ. ಬಟ್ಟೆ ಕತ್ತರಿಸುವವರ ಮೇಲ್ವಿಚಾರಣೆಗೆ ಅವಳನ್ನು ತೆಗೆದುಕೊಂಡಿದ್ದರು. ಸೂಜಿ ಹಿಡಿಯುವ ಕೆಲಸವಲ್ಲ.

"ಅಕ್ಕ, ಜನ ಏನಂತಾರೆ?" ಎಂದರು ಅಪ್ಪ.

"ಬಿಸಿ ಗಾಳಿಗೆ ಮೊಣಕಾಲು ನೋವಂತೆ ಕಣೋ," ಎಂದಳು ಅತ್ತೆ. "ಓಣಿ ದಾಟ್ಲಿಲ್ಲ. ಅದ್ಕೆ ನಾನೇ ಹೋಗ್ತಿದ್ದೀನಿ ಅಂತ ಹೇಳು."

ಮಿಷನ್ನನ್ನು ಆಟೋಗೆ ಏರಿಸಿದವನು ನಾನು. "ನಿಧಾನ ಹೀರೋ," ಎಂದಳು. ಚಿಕ್ಕಂದಿನಿಂದ ಅವಳು ನನ್ನನ್ನು ಕರೆಯುವುದು ಹಾಗೆ. "ಸೂಜಿ ತೆಗ್ದಿಲ್ಲ, ಕೈಗೆ ಚುಚ್ಚೀತು."

ಹಳೆಯ ಟೇಪು ಗೋಡೆಯ ಮೊಳೆಯಲ್ಲೇ ಉಳಿಯಿತು.

ಮತ್ತೆ ಚಳಿ ಬಂದಾಗ ಅಮ್ಮ ಆ ಮೆಕ್ಯಾನಿಕ್‌ನನ್ನು ಕರೆಸಿದಳು. ದೊಡ್ಡದನ್ನು ಕಿತ್ತು, ಹಿಂದಿನ ಕೋಣೆಗೆ ಒಂದು ಸಣ್ಣದನ್ನು ಹಾಕಿಸಿದರೆ ಅಕ್ಕ ವಾಪಸ್ಸು ಬರುತ್ತಾರೇನೋ ಎಂದು ಅವಳ ಆಸೆ. ಅವನು ಹಳೇ ಫಾರಂ ತೆಗೆದು ಓದಿದ. ಹಿಂದಿನ ಕೋಣೆಯ ಬಾಗಿಲು ತಳ್ಳಿ ಇಣುಕಿದ. ಒಳಗೆ ಯಂತ್ರ ಬಂದಿದ್ದ ರಟ್ಟಿನ ಪೆಟ್ಟಿಗೆ, ಮುರಿದ ಕುರ್ಚಿ, ಫ್ರೀ ಸ್ಟ್ಯಾಂಡು, ಹಳೇ ಪೇಪರಿನ ಕಟ್ಟು.

"ಇದು ಸಾಮಾನು ರೂಮಲ್ವಾ ಮೇಡಂ? ಫಾರಂನಲ್ಲೂ ಹಾಗೇ ಇದೆ. ಇದಕ್ಯಾಕೆ ಹೀಟ್ ಪಂಪ್?"

"ಯಾರು ಹಾಗೆ ಬರೆಸಿದ್ದು?" ಎಂದಳು ಅಮ್ಮ, ನಿಧಾನವಾಗಿ.

ಅವನು ರಟ್ಟಿನ ಮೂಲೆಯಿಂದ ನನ್ನ ಕಡೆ ತೋರಿಸಿದ.

ಆ ದಿನ ಏನೇನೋ ಕೇಳಿದ, ಏನೇನೋ ಹೇಳಿದೆ ಎಂದಿದ್ದೆನಲ್ಲ. ಅದು ಇದು. ಅವನು ಓಣಿಯಲ್ಲಿ ನಿಂತು ಕೇಳಿದ್ದ: "ಒಂದೇ ಯಂತ್ರ ಅಂದ್ರೆ ಜನ ಜಾಸ್ತಿ ಹೊತ್ತು ಇರೋ ರೂಮಿಗೆ ಹಾಕ್ತೀವಿ. ಹಿಂದಿನ ರೂಮಲ್ಲಿ ಯಾರಿರ್ತಾರೆ?" ಟಿವಿ ಇರುವುದು ಹಾಲ್‌ನಲ್ಲಿ. ಸೋಫಾ ಇರುವುದು ಹಾಲ್‌ನಲ್ಲಿ. ಚಳಿಯಲ್ಲಿ ಕಂಬಳಿ ಹೊದ್ದುಕೊಂಡು ಸಿನಿಮಾ ನೋಡಿದರೆ ಕೈ ಹೊರಗೆ ತೆಗೆದು ಚಪ್ಪಾಳೆ ಹೊಡೆಯಲು ಆಗುವುದಿಲ್ಲ. ನಾನು ಹೇಳಿದೆ: "ಯಾರೂ ಇಲ್ಲ. ಸಾಮಾನು ರೂಮು."

"ಸಾಮಾನು ಸದ್ದು ಮಾಡ್ತಿದ್ಯಲ್ಲ," ಎಂದ ಅವನು. ಒಳಗೆ ಮಿಷನ್ ಓಡುತ್ತಿತ್ತು.

"ಅದು ಪಕ್ಕದ ಮನೇದು," ಎಂದೆ.

ಮಿಷನ್ ನಿಂತಿತು. ಅವನು ಹೋಗುವವರೆಗೂ ಮತ್ತೆ ಶುರುವಾಗಲಿಲ್ಲ.

ಟೇಪಿನ ಎಂಟು ಇಂಚೂ ನನ್ನದೇ. ಎಂಟು ವರ್ಷದವನಿದ್ದಾಗ ಹೀರೋ ಥರ ಮಣಿಕಟ್ಟಿಗೆ ಪಟ್ಟಿ ಬೇಕೆಂದು ಕತ್ತರಿಸಿಕೊಂಡಿದ್ದೆ. ಅಂದು ಅತ್ತೆ ಬೈಯಲಿಲ್ಲ, ಗಂಟು ಬಿಗಿಯಾಗಿ ಕಟ್ಟಿಕೊಟ್ಟಳು. ಅದು ಎಂಟರಿಂದ ಶುರುವಾಗುತ್ತದೆ ಎಂದು ಅಳೆಯುವಾಗ ನನಗೆ ಗೊತ್ತಿರಲಿಲ್ಲ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿದ್ದೇನೆ. ಗೊತ್ತಿತ್ತು. ಕಳೆದರೆ ಹಾಲ್ ಸಣ್ಣದಾಗುತ್ತಿತ್ತು.

ಮೆಕ್ಯಾನಿಕ್ ಸಣ್ಣ ಯಂತ್ರದ ಹೊಸ ಫಾರಂಗೆಂದು ಆ ಕೋಣೆಯನ್ನು ಹೊಸ ಸ್ಟೀಲ್ ಟೇಪಿನಲ್ಲಿ ಅಳೆದ. ಹಳೇ ಫಾರಂನಲ್ಲಿ ಅದಕ್ಕೆ ನಾನು ಕೊಟ್ಟಿದ್ದ ಅಳತೆಗಳನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿದ. ಉದ್ದ ತಪ್ಪು, ಅಗಲ ತಪ್ಪು, ಎತ್ತರ ತಪ್ಪು. ಕೊನೆಯ ಸಾಲಿಗೆ ಬಂದು ಕೋಣೆಯೊಳಗೆ ಮತ್ತೊಮ್ಮೆ ನೋಡಿದ. ಇಲ್ಲಿ ಇರುವವರು: ಯಾರೂ ಇಲ್ಲ.

"ಇದೊಂದು ಸರಿ ಇದೆ," ಎಂದು ಹಾಗೇ ಬಿಟ್ಟ.